ಎರಡನೇ ಜಾಗ

ಹಲ್ಲಣ್ಣನ ಹೊಸ ಬೈಕು ಮನೆಗೆ ಬಂದ ದಿನವೇ ಗೇಟಿನಲ್ಲಿ ಸಿಕ್ಕಿಹಾಕಿಕೊಂಡಿತು. ಮುಂದಿನ ಚಕ್ರ ಒಳಗೆ ಹೋಯಿತು, ಹ್ಯಾಂಡಲ್ ಹೋಯಿತು, ಹಲ್ಲಣ್ಣನೂ ಹೋದ. ಹಿಂಬದಿಯ ಎರಡೂ ಪಕ್ಕಕ್ಕಿದ್ದ ದೊಡ್ಡ ಪೆಟ್ಟಿಗೆಗಳು ಮಾತ್ರ ಕಂಬಕ್ಕೆ ತಗುಲಿ ನಿಂತವು. ಹಿಂದಕ್ಕೆ ತಳ್ಳೋಣವೆಂದರೆ ಎರಡು ಪಾದವೂ ನೆಲಕ್ಕೆ ಊರಬೇಕು. ಹಲ್ಲಣ್ಣನದು ಊರುತ್ತಿದ್ದುದು ಹೆಬ್ಬೆರಳು ಮಾತ್ರ. ಅರ್ಧ ಮನೆಯಲ್ಲಿ, ಅರ್ಧ ಬೀದಿಯಲ್ಲಿ, ಇಳಿಯಲೂ ಆಗದೆ ಕೂರಲೂ ಆಗದೆ, ಹೊಸ ಬೈಕಿನ ಮಾಲೀಕ ಎದುರು ಮನೆಯ ಟೈಲರನ್ನು ಕೂಗಿ ಕರೆಯಬೇಕಾಯಿತು.

ಟೈಲರ್ ಬಂದು ಹಿಂದಿನಿಂದ ಎಳೆದ. ಎಳೆದು, ಉಸಿರು ಬಿಟ್ಟು, ಬೈಕಿನ ಸುತ್ತ ಒಂದು ಸುತ್ತು ಹಾಕಿ, "ಅಳಿಯ ಆಗೋನಿಗಾ?" ಎಂದ.

"ನನಗೇ."

"ಓಹೋ," ಎಂದ ಟೈಲರ್. ಆ ಓಹೋದಲ್ಲಿ ಏನೇನು ಇತ್ತೋ ಅದೆಲ್ಲವೂ ಹಲ್ಲಣ್ಣನಿಗೆ ಅರ್ಥವಾಯಿತು.

ಅವನ ಕೆಲಸ ಹಲ್ಲಿನ ಸೆಟ್ ಮಾಡುವುದು. ಡಾಕ್ಟರುಗಳು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ; ಇವನು ಅದಕ್ಕೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ಒಸಡು ಮಾಡಿ, ಒಂದೊಂದೇ ಹಲ್ಲು ಕೂರಿಸಿ, ಕಡೆಗೆ ಉಜ್ಜಿ ಹೊಳಪು ಕೊಡುತ್ತಾನೆ. ಪ್ರಾಯ ಪೂರ್ತಿ ಇದರಲ್ಲೇ ಸವೆದಿದೆ, ಹಾಗಾಗಿ ಬೀದಿಯವರ ಬಾಯಲ್ಲಿ ಅವನು ಹಲ್ಲಣ್ಣ. ಅಚ್ಚು ನೋಡಿದರೆ ಸಾಕು, ಮನುಷ್ಯನ ವಯಸ್ಸು ಹೇಳುತ್ತೇನೆ ಎಂದು ಅವನಿಗೆ ಜಂಬ. ಅವನ ಸ್ವಂತ ಬಾಯಿಯ ಮುಂದಿನ ಎರಡು ಹಲ್ಲು ಅವನೇ ಮಾಡಿಕೊಂಡವು. ಅವಕ್ಕೆ ಸ್ವಲ್ಪ ಎಳೆ ವಯಸ್ಸಿನ ಬಿಳುಪು ಕೊಟ್ಟಿದ್ದರಿಂದ ಅಕ್ಕಪಕ್ಕದ ಹಲ್ಲುಗಳಿಗೆ ಇನ್ನೂ ಹತ್ತು ವರ್ಷ ವಯಸ್ಸಾದಂತೆ ಕಾಣುತ್ತಿತ್ತು.

ಈ ದೊಡ್ಡ ಟೂರಿಂಗ್ ಬೈಕು ಕೊಳ್ಳುವ ಮುದುಕರನ್ನು ಕಂಡರೆ ಹಲ್ಲಣ್ಣನಿಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಹೊಟ್ಟೆ ಬಂದವರು, ಕೂದಲಿಗೆ ಬಣ್ಣ ಬಳಿದವರು, ಮಕ್ಕಳು ಒಂದು ದಡ ಸೇರಿದ ಕೂಡಲೇ ಚರ್ಮದ ಜಾಕೆಟ್ ತೊಟ್ಟುಕೊಂಡು ಪ್ರಾಯ ಹುಡುಕಲು ಹೊರಟವರು. ತಾನು ಆ ಪೈಕಿ ಅಲ್ಲ ಎಂಬುದರಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ. ಹೊಟ್ಟೆ ಇತ್ತು ನಿಜ, ಅದು ಕೂತು ಮಾಡುವ ಕೆಲಸದಿಂದ ಬಂದದ್ದು. ಬಣ್ಣ ಮೀಸೆಗೆ ಮಾತ್ರ, ಕೂದಲಿಗಲ್ಲ, ಕೂದಲು ಇರಲಿಲ್ಲ. ಜಾಕೆಟ್ ತಂದದ್ದು ಗಾಳಿಗೆ. ಇನ್ನು ಮಗಳಿಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕ ತಿಂಗಳೇ ಬೈಕು ಬಂತಲ್ಲ ಎಂದರೆ, ಅದು ಕಾಕತಾಳೀಯ.

"ಅಪ್ಪಾ, ಇದು ವಯಸ್ಸಿನ ಕಾಯಿಲೆ. ತಾನಾಗೇ ವಾಸಿ ಆಗುತ್ತೆ, ಮಾತ್ರೆ ಬೇಡ," ಎಂದಳು ಮಗಳು ಫೋನಿನಲ್ಲಿ. ಹೆಂಡತಿಯ ತಮ್ಮ ಬಂದು ನೋಡಿ, "ಭಾವ, ಇದಕ್ಕೆ ಇನ್ನೆರಡು ಚಕ್ರ ಹಾಕಿಸಿದ್ರೆ ಕಾರೇ ಆಗ್ತಿತ್ತಲ್ಲ," ಎಂದು ನಕ್ಕ. ಬೀದಿಯ ಪಡ್ಡೆ ಹುಡುಗರು ಅದಕ್ಕೆ ಸೋಫಾ ಎಂದು ಹೆಸರಿಟ್ಟರು. ಹಲ್ಲಣ್ಣ ಎಲ್ಲವನ್ನೂ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟ. ಬಿಡಲಾಗದೆ ಉಳಿದದ್ದು ಹೆಂಡತಿಯ ಮಾತೊಂದೇ.

ಅವಳು ದೊಡ್ಡಾಸ್ಪತ್ರೆಯ ಮೂಳೆ ವಾರ್ಡಿನಲ್ಲಿ ಹಿರಿಯ ನರ್ಸ್. ಬೈಕು ಸವಾರರನ್ನು ಅವಳು ಕಂಡಿದ್ದು ಮಲಗಿದ ಭಂಗಿಯಲ್ಲಿ ಮಾತ್ರ, ಒಂದು ಕಾಲು ಮೇಲಕ್ಕೆ ತೂಗುಹಾಕಿಕೊಂಡು. ಸೊಂಟಕ್ಕೆ ಕೈಕೊಟ್ಟು ನಿಂತು ಬೈಕನ್ನು ನೋಡಿ ಅವಳು ಹೇಳಿದ್ದು ಇಷ್ಟು: "ನೋಡಿ, ನಮ್ಮಲ್ಲಿಗೆ ಎರಡು ಥರದೋರು ಬರ್ತಾರೆ. ಹುಡುಗರು ಸ್ಪೀಡಲ್ಲಿ ಬಿದ್ದು ಬರ್ತಾರೆ. ನಿಮ್ಮ ವಯಸ್ಸಿನೋರು ನಿಂತಲ್ಲೇ ಬಿದ್ದು ಬರ್ತಾರೆ. ನಾನಂತೂ ಇದನ್ನ ಹತ್ತಲ್ಲ."

ಹಲ್ಲಣ್ಣನ ಮುಖ ಸಣ್ಣಗಾಯಿತು. ಯಾಕೆಂದರೆ ಅವನು ಆ ಬೈಕನ್ನು ಆರಿಸಿದ್ದು ಎಂಜಿನ್ನು ನೋಡಿ ಅಲ್ಲ, ಹಿಂದಿನ ಸೀಟು ನೋಡಿ. ಅಗಲವಾದ ಮೆತ್ತನೆಯ ಸೀಟು, ಬೆನ್ನಿಗೆ ಒರಗು, ಕೈಗೆ ಹಿಡಿ. ಮದುವೆಯಾದಾಗಿನಿಂದ ಅವಳದು ರಾತ್ರಿ ಪಾಳಿ, ಇವನದು ಹಗಲಿನ ಕೆಲಸ. ಅವಳು ಚಪ್ಪಲಿ ಬಿಡುವಾಗ ಇವನು ಚಪ್ಪಲಿ ಮೆಟ್ಟುತ್ತಿದ್ದ. ಮಗಳ ಸ್ಕೂಲಿನ ವಿಷಯ, ಗ್ಯಾಸಿನ ವಿಷಯ, ಎಲ್ಲ ಸಂಸಾರವೂ ಆ ಬಾಗಿಲಲ್ಲೇ ನಡೆದುಹೋಯಿತು. ಈಗ ಅವಳಿಗೆ ಹಗಲಿನ ಪಾಳಿ ಸಿಕ್ಕಿದೆ, ಭಾನುವಾರ ಆಗೊಮ್ಮೆ ಈಗೊಮ್ಮೆ ರಜ. ಒಂದು ದಿನ ಪೂರ್ತಿ ಅವಳು ತನ್ನ ಬೆನ್ನ ಹಿಂದೆ ಇರಬೇಕು, ಇಬ್ಬರೂ ಒಂದೇ ದಿಕ್ಕಿಗೆ ಹೋಗಬೇಕು. ಅವನಿಗೆ ಬೇಕಾಗಿದ್ದದ್ದು ಅಷ್ಟೇ. ಅದನ್ನು ಬಾಯಿಬಿಟ್ಟು ಹೇಳುವುದು ಬಿಟ್ಟು ಬೈಕು ತಂದು ನಿಲ್ಲಿಸಿದ್ದ, ಗಂಡಸರ ಬುದ್ಧಿಯೇ ಅಷ್ಟು.

ಸರಿ, ಅವಳು ಒಪ್ಪುವ ಹೊತ್ತಿಗೆ ತಯಾರಾಗಿರೋಣವೆಂದು ಹಲ್ಲಣ್ಣ ಅಭ್ಯಾಸಕ್ಕೆ ಇಳಿದ. ಹಿಂದೆ ಭಾರ ಬೇಕಲ್ಲ? ಲ್ಯಾಬಿನಿಂದ ಎರಡು ಮೂಟೆ ಪ್ಲಾಸ್ಟರ್ ಪುಡಿ ತಂದು ಹಿಂದಿನ ಸೀಟಿನಲ್ಲಿ ಕೂರಿಸಿ ಹಗ್ಗ ಬಿಗಿದ. ಹೆಂಡತಿಯ ತೂಕಕ್ಕೆ ಎರಡು ಮೂಟೆ ಸಾಲದೆಂದು ಅವನಿಗೆ ಗೊತ್ತಿತ್ತು. ಆದರೆ ಮೂರನೆಯದನ್ನು ಯಾಕೆ ತಂದಿರಿ ಎಂದು ಅವಳೇ ಕೇಳಿದರೆ ಉತ್ತರ ಹೇಳುವಷ್ಟು ಎದೆಗಾರಿಕೆ ಇರಲಿಲ್ಲ. ಪ್ರತಿದಿನ ಬೆಳಿಗ್ಗೆ ಮೂಟೆಗಳ ಜೊತೆ ಬಡಾವಣೆ ಸುತ್ತಿದ. ತಿರುವಿನಲ್ಲಿ ಅಭ್ಯಾಸ ಬಲದಿಂದ "ಗಟ್ಟಿ ಹಿಡ್ಕೋ" ಎಂದು ಮೂಟೆಗೆ ಹೇಳಿದ್ದೂ ಉಂಟು. ಬೈಕಿಗೆ ಆರು ಗೇರುಗಳಿದ್ದವು. ನಾಲ್ಕರವರೆಗೆ ಪರಿಚಯವಾಯಿತು. ಐದನೆಯದು ಒಂದು ಸಲ ಕಾಲು ಜಾರಿ ಬಿತ್ತು. ಆರನೆಯದು ಮಾತ್ರ ಇನ್ನೂ ಶೋರೂಮಿನ ಪ್ಯಾಕಿನಲ್ಲೇ ಇತ್ತು ಎನ್ನಬೇಕು.

ಆಮೇಲೆ ಅವನು ಒಂದು ಸವಾರರ ಗುಂಪಿಗೆ ಸೇರಿದ. ಪ್ರತಿ ಭಾನುವಾರ ಬೆಳಿಗ್ಗೆ ಊರ ಹೊರಗಿನ ಪೆಟ್ರೋಲ್ ಬಂಕಿನಲ್ಲಿ ಸೇರಿ, ಸಾಲಾಗಿ ಹೊರಟು, ಮಧ್ಯಾಹ್ನಕ್ಕೆ ವಾಪಸಾಗುವ ಗುಂಪು. ಮೊದಲ ದಿನ ಹೋಗಿ ನೋಡಿದರೆ ಅಲ್ಲಿ ಅವನದೇ ಮಾದರಿಯ ಇನ್ನೊಂದು ಬೈಕು ನಿಂತಿತ್ತು, ಅದಕ್ಕೆ ಒರಗಿಕೊಂಡು ಒಬ್ಬ ಹುಡುಗಿ ಬಾಳೆಹಣ್ಣು ತಿನ್ನುತ್ತಿದ್ದಳು. ಹೆಚ್ಚೆಂದರೆ ಅವನ ಮಗಳ ವಯಸ್ಸು. ಹಲ್ಲಣ್ಣನಿಗೆ ವಾತ್ಸಲ್ಯ ಉಕ್ಕಿತು.

"ಅಪ್ಪನ ಬೈಕೇನಮ್ಮಾ?"

"ಅಲ್ಲ ಅಂಕಲ್, ನಂದೇ. ನಮ್ಮಪ್ಪನಿಗೆ ಸೈಕಲ್ಲೂ ಬರಲ್ಲ."

"ಹಾಗಾ! ಆದ್ರೂ ಈ ಬೈಕು ನಿನ್ನ ವಯಸ್ಸಿನೋರಿಗಲ್ಲಮ್ಮ. ಇದಕ್ಕೆ ಸ್ವಲ್ಪ ತೂಕ ಬೇಕು, ಅನುಭವ ಬೇಕು. ಹಿಂದೆ ತಳ್ಳೋವಾಗ ಹುಷಾರು. ಎರಡೂ ಪಾದ ಪೂರ್ತಿ ಊರಬೇಕು, ಗೊತ್ತಾ?" ಎಂದು ಹೆಬ್ಬೆರಳ ಮೇಲೆ ನಿಂತು ಹಲ್ಲಣ್ಣ ಉಪದೇಶ ಮಾಡಿದ.

ಹುಡುಗಿ ಬಾಳೆಹಣ್ಣು ಮುಗಿಸುವವರೆಗೂ ತಾಳ್ಮೆಯಿಂದ ಕೇಳಿದಳು. "ಥ್ಯಾಂಕ್ಸ್ ಅಂಕಲ್," ಎಂದಳು. ಸಿಪ್ಪೆಯನ್ನು ಕಸದ ಡಬ್ಬಿಗೆ ಹಾಕಿ ಬಂದು, ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹೊಡೆದಳು. ಅಲ್ಲಲ್ಲಿ ಚದುರಿ ನಿಂತಿದ್ದ ಗಡ್ಡಗಳು, ಹೊಟ್ಟೆಗಳು, ಜಾಕೆಟುಗಳು ಎಲ್ಲವೂ ಓಡೋಡಿ ಬಂದು ಅವಳ ಸುತ್ತ ನಿಂತವು. ಗುಂಪಿನ ಮುಂದಾಳು ಅವಳೇ. ವಾರವಿಡೀ ಬೇಕರಿಯಲ್ಲಿ ಹಿಟ್ಟು ನಾದುವ ಕೆಲಸ, ಭಾನುವಾರ ಇವರೆಲ್ಲರನ್ನೂ ಸಾಲು ಹಚ್ಚಿ ಕರೆದೊಯ್ಯುವ ಕೆಲಸ. ಹಲ್ಲಣ್ಣ ನೆಲ ಬಿರಿಯಬಾರದೇ ಎಂದುಕೊಂಡ. ಬಂಕಿನ ಕಾಂಕ್ರೀಟು ಗಟ್ಟಿಯಾಗಿತ್ತು.

ಅವಳು ಒಬ್ಬೊಬ್ಬರಿಗೂ ಸಾಲಿನಲ್ಲಿ ಜಾಗ ಹೇಳಿದಳು. ಕಡೆಗೆ ಹಲ್ಲಣ್ಣನ ಕಡೆ ತಿರುಗಿ, "ಅಂಕಲ್, ನೀವು ನನ್ನ ಹಿಂದೇನೇ. ಎರಡನೇ ಜಾಗ. ಅದನ್ನ ಬಿಟ್ಟು ಆ ಕಡೆ ಈ ಕಡೆ ಹೋಗ್ಬೇಡಿ," ಎಂದಳು.

ಎರಡನೇ ಜಾಗ! ಅಷ್ಟೊಂದು ಜನರಲ್ಲಿ, ವರ್ಷಗಟ್ಟಲೆಯಿಂದ ಓಡಿಸುವವರ ನಡುವೆ, ಬಂದ ಮೊದಲ ದಿನವೇ ಎರಡನೇ ಜಾಗ. ನೆಲ ಬಿರಿಯಲಿ ಎಂದವನು ಈಗ ನೆಲದ ಮೇಲೇ ನಿಲ್ಲಲಿಲ್ಲ. ಹುಡುಗಿ ಚುರುಕು, ಮನುಷ್ಯರ ಬೆಲೆ ಗೊತ್ತು, ತನ್ನ ಮಾತಿನಲ್ಲಿದ್ದ ಅನುಭವವನ್ನು ಗುರುತಿಸಿದ್ದಾಳೆ ಎಂದು ಅವನ ಮನಸ್ಸು ಲೆಕ್ಕ ಹಾಕಿತು. ದಾರಿಯುದ್ದಕ್ಕೂ ಬೆನ್ನು ನೆಟ್ಟಗೆ ಮಾಡಿ, ಹೊಟ್ಟೆ ಒಳಕ್ಕೆಳೆದು ಓಡಿಸಿದ. ಮುಂದಾಳು ಆಗಾಗ ಕನ್ನಡಿಯಲ್ಲಿ ಅವನನ್ನು ನೋಡುತ್ತಿದ್ದಳು. ತನ್ನ ಸವಾರಿಯಿಂದ ಏನೋ ಕಲಿಯುತ್ತಿದ್ದಾಳೆ ಎಂದುಕೊಂಡು ಹಲ್ಲಣ್ಣ ಮೀಸೆ ತಿರುವಿದ, ಹೆಲ್ಮೆಟ್ಟಿನ ಗಾಜಿನ ಮೇಲೆಯೇ.

ಮನೆಗೆ ಬಂದವನು ಜಾಕೆಟ್ ಬಿಚ್ಚುವ ಮೊದಲೇ ಶುರು ಮಾಡಿದ. "ಎರಡನೇ ಜಾಗ ಕೊಟ್ರು. ಲೀಡರ್ ಒಬ್ಬ ಹುಡುಗಿ, ಅವಳು ಬಿಟ್ರೆ ನಾನೇ."

ಸೊಪ್ಪು ಬಿಡಿಸುತ್ತಿದ್ದ ಹೆಂಡತಿ ಕೈ ನಿಲ್ಲಿಸಿದಳು. "ಲೀಡರ್ ಹಿಂದೇನೇನಾ?"

"ಹಿಂದೇನೇ. ನಡುವೆ ಒಂದು ನೊಣ ಕೂಡ ಇಲ್ಲ."

"ಅವಳು ಕನ್ನಡೀಲಿ ನಿಮ್ಮನ್ನ ನೋಡ್ತಾ ಇರ್ತಾಳಾ?"

"ಘಳಿಗೆಗೊಂದು ಸಲ!"

"ಹೂಂ. ಒಳ್ಳೇದಾಯ್ತು ಬಿಡಿ," ಎಂದಳು ಅವಳು, ಮತ್ತೆ ಸೊಪ್ಪಿಗೆ ಕೈ ಹಾಕಿದಳು. ಬೈಕು ಬಂದ ಮೇಲೆ ಅವಳ ಬಾಯಿಂದ ಬಂದ ಮೊದಲ ಒಳ್ಳೆಯ ಮಾತು ಅದು. ಹಲ್ಲಣ್ಣ ಅದನ್ನು ಎದೆಗೆ ಪದಕದ ಹಾಗೆ ಚುಚ್ಚಿಕೊಂಡ. ಟೈಲರಿಗೆ ಹೇಳಿದ. ಹೆಂಡತಿಯ ತಮ್ಮನಿಗೆ ಫೋನು ಮಾಡಿ ಬೇರೇನೋ ಕೇಳುವ ನೆಪದಲ್ಲಿ ಹೇಳಿದ. ಅಚ್ಚು ಕೊಡಲು ಬಂದ ಡಾಕ್ಟರಿಗೂ ಹೇಳಿದ, ಅವರು ಅಭಿನಂದಿಸಿ ಹೋದರು.

ಮುಂದಿನ ಭಾನುವಾರವೂ ಎರಡನೇ ಜಾಗ. ಅದರ ಮುಂದಿನ ವಾರವೂ ಅದೇ. ಆ ದಿನ ಹೆದ್ದಾರಿ ಪಕ್ಕದ ಒಂದು ಟೀ ಅಂಗಡಿಯ ಮುಂದೆ ಎಲ್ಲರೂ ನಿಲ್ಲಿಸಿದರು. ಜಲ್ಲಿ ಹಾಕಿದ ಇಳಿಜಾರು. ಹಲ್ಲಣ್ಣ ಠೀವಿಯಿಂದ ಬಂದು, ಬ್ರೇಕ್ ಹಾಕಿ, ಎಡಗಾಲನ್ನು ಕೆಳಗಿಟ್ಟ. ಹೆಬ್ಬೆರಳ ಅಡಿಯ ಜಲ್ಲಿ ಜರುಗಿತು. ಬೈಕು ವಾಲತೊಡಗಿತು.

ಅಷ್ಟು ಭಾರದ ಬೈಕು ಬೀಳಲು ಬಹಳ ನಿಧಾನ ಮಾಡುತ್ತದೆ. ಹಾಗಾಗಿ ಹಲ್ಲಣ್ಣನಿಗೆ ಯೋಚನೆ ಮಾಡಲು ಬೇಕಾದಷ್ಟು ಸಮಯ ಸಿಕ್ಕಿತು. ನಿಮ್ಮ ವಯಸ್ಸಿನೋರು ನಿಂತಲ್ಲೇ ಬಿದ್ದು ಬರ್ತಾರೆ ಎಂಬ ಮಾತು ನೆನಪಾಯಿತು. ಮಗಳು ನಗುವುದು ಕಣ್ಣಿಗೆ ಕಟ್ಟಿತು. ಎಲ್ಲರೂ ನೋಡುತ್ತಿದ್ದಾರಾ ಎಂದು ಒಮ್ಮೆ ಸುತ್ತ ನೋಡಿದ, ನೋಡುತ್ತಿದ್ದರು. ಇಷ್ಟೆಲ್ಲ ಆದ ಮೇಲೆ ಬಿದ್ದ.

ಎಡಗಾಲ ಮೊಣಕಾಲಿನ ಕೆಳಗೆ ಬೈಕಿನ ಕಾಲಿಡುವ ಕಂಬಿ ಒತ್ತಿತ್ತು. ಅದಕ್ಕಿಂತ ಕೆಟ್ಟದ್ದು ಬೇರೆ ಆಗಿತ್ತು: ಅವನೇ ಮಾಡಿಕೊಂಡ ಎರಡು ಹಲ್ಲು ಕಳಚಿ ಹೆಲ್ಮೆಟ್ಟಿನೊಳಗೆ ಗಲ್ಲದ ಹತ್ತಿರ ಬಿದ್ದಿದ್ದವು. ಎಲ್ಲರೂ ಓಡಿ ಬಂದು, "ಅಂಕಲ್, ಪೆಟ್ಟಾಯ್ತಾ? ಮಾತಾಡಿ ಅಂಕಲ್!" ಎಂದು ಕೇಳಿದರೆ ಇವನು ಬಾಯಿ ಬಿಗಿದುಕೊಂಡು ಬರೀ ತಲೆ ಆಡಿಸಿದ. ತಲೆಗೆ ಪೆಟ್ಟಾಗಿದೆ ಎಂದು ಒಬ್ಬ ನೀರು ತಂದ. ಮುಂದಾಳು ಮಾತ್ರ ಬಿದ್ದ ಬೈಕಿನ ಸೀಟಿಗೆ ಸೊಂಟ ಆನಿಸಿ ಕುಕ್ಕರಗಾಲಲ್ಲಿ ಕೂತು, ಹಿಂದೆ ಕೈ ಹಾಕಿ ಹಿಡಿದು, ಒಂದೊಂದೇ ಹೆಜ್ಜೆ ಹಿಂದಕ್ಕಿಡುತ್ತ ಅದನ್ನು ಎತ್ತಿ ನಿಲ್ಲಿಸಿಬಿಟ್ಟಳು. ಅವಳಿಗೆ ಇವನು ತೂಕದ ಬಗ್ಗೆ ಹೇಳಿದ್ದ ಉಪದೇಶವೆಲ್ಲ ಜಲ್ಲಿಯ ಜೊತೆಗೇ ಇಳಿಜಾರಿನಲ್ಲಿ ಉರುಳಿಹೋಯಿತು.

ಅಂಗಡಿಯ ಹಿಂದೆ ಹೋಗಿ ಹಲ್ಲು ತೊಳೆದು ಹಾಕಿಕೊಂಡು ಬಂದವನ ಪಕ್ಕದಲ್ಲಿ ಗಡ್ಡದ ಸವಾರನೊಬ್ಬ ಟೀ ಹಿಡಿದು ಕೂತ. ಒಳ್ಳೆಯ ಮನುಷ್ಯ, ಸಮಾಧಾನ ಹೇಳಲು ಬಂದಿದ್ದ.

"ಬೇಜಾರು ಮಾಡ್ಕೋಬೇಡಿ. ನಾನೂ ಸೇರಿದ ಹೊಸದ್ರಲ್ಲಿ ತುಂಬ ದಿನ ಎರಡನೇ ಜಾಗದಲ್ಲೇ ಇದ್ದೆ."

"ನೀವೂನಾ?" ಹಲ್ಲಣ್ಣನಿಗೆ ಪಾಲುಗಾರ ಸಿಕ್ಕ ಹೆಮ್ಮೆ. "ಆಮೇಲೆ ಯಾಕೆ ಹಿಂದಕ್ಕೆ ಕಳಿಸಿದ್ರು?"

"ಹಿಂದಕ್ಕೆ ಕಳಿಸಿದ್ದಲ್ಲ ಸಾರ್, ಪಾಸ್ ಮಾಡಿದ್ರು," ಎಂದು ಗಡ್ಡದವನು ನಕ್ಕ. "ಕೈ ಇನ್ನೂ ಕೂರದೇ ಇರೋರಿಗೆ ಆ ಜಾಗ. ಲೀಡರ್ ಕನ್ನಡೀಲಿ ಅವರು ಸದಾ ಕಾಣ್ತಿರಬೇಕು. ಅವರು ಎಷ್ಟು ಸ್ಪೀಡಲ್ಲಿ ಬರ್ತಾರೋ ಲೀಡರ್ ಅಷ್ಟೇ ಸ್ಪೀಡಲ್ಲಿ ಹೋಗ್ತಾಳೆ, ಅವಳ ಹಿಂದೆ ನಾವೆಲ್ಲ ಅಷ್ಟೇ. ಎಲ್ಲ ಗುಂಪಲ್ಲೂ ಹಾಗೇ. ನಿಮಗೆ ಯಾರೂ ಹೇಳ್ಲಿಲ್ವಾ?"

ಯಾರು ಹೇಳುತ್ತಾರೆ? ಅವನೇ ಎಲ್ಲರಿಗೂ ಹೇಳುತ್ತ ತಿರುಗುತ್ತಿದ್ದನಲ್ಲ. ಹಲ್ಲಣ್ಣ ತಲೆ ಎತ್ತಿ ಸಾಲು ನಿಂತ ಬೈಕುಗಳನ್ನು ನೋಡಿದ. ಮೂರು ವಾರದಿಂದ ಇಷ್ಟೂ ಎಂಜಿನ್ನುಗಳು ಅವನ ನಾಲ್ಕನೇ ಗೇರಿನ ಹಿಂದೆ ತೆವಳುತ್ತಿದ್ದವು. ಒಬ್ಬನೂ ಹಾರ್ನ್ ಹೊಡೆದಿರಲಿಲ್ಲ.

ಆ ಸಂಜೆ ಹೆಂಡತಿ ಅವನ ಕಾಲು ನೋಡಿದಳು. ಮೊಣಕಾಲ ಕೆಳಗೆ ಅಡ್ಡಕ್ಕೆ ಒಂದು ನೀಲಿ ಗೆರೆ.

"ಏನಿದು?"

"ಲ್ಯಾಬಿನ ಮೇಜು ತಗುಲ್ತು."

"ಇವತ್ತು ಭಾನುವಾರ."

"ನಿನ್ನೆ ತಗುಲಿದ್ದು."

ಅವಳು ಅವನ ಕಾಲನ್ನು ತನ್ನ ತೊಡೆಯ ಮೇಲೆ ಎತ್ತಿಟ್ಟುಕೊಂಡು, ಹೆಬ್ಬೆರಳಿನಿಂದ ಮೂಳೆಯ ಉದ್ದಕ್ಕೂ ಒತ್ತಿ ನೋಡಿ, ಮುಲಾಮು ಹಚ್ಚಿದಳು. ವಾರ್ಡಿನಲ್ಲಿ ಹಚ್ಚುವ ಹಾಗೆಯೇ. ಆಮೇಲೆ ಡಬ್ಬಿಯ ಮುಚ್ಚಳ ತಿರುಗಿಸುತ್ತ ಹೇಳಿದಳು: "ಬರೋ ಭಾನುವಾರ ನಂಗೆ ರಜ. ನಾನೂ ಬರ್ತೀನಿ, ಹಿಂದೆ ಕೂತು."

ಹಲ್ಲಣ್ಣ ಇಷ್ಟು ದಿನ ಮೂಟೆ ಕಟ್ಟಿಕೊಂಡು ಕಾದದ್ದು ಈ ಮಾತಿಗೇ, ಅದು ಬಂದದ್ದು ಇವತ್ತೇ. ಅವಳು ಬರುತ್ತಿರುವುದು ಎರಡನೇ ಜಾಗದ ಶೂರನನ್ನು ನಂಬಿ. ನಿಜ ಹೇಳಿದರೆ ಅವಳು ಇನ್ನೆಂದೂ ಹತ್ತುವುದಿಲ್ಲ. ಹೇಳದಿದ್ದರೆ, ಕಾಲು ಊರಲು ಬಾರದ ತಾನು, ಜನ್ಮವಿಡೀ ಬೇರೆಯವರ ಮೂಳೆ ಕಾದವಳನ್ನು ಬೆನ್ನಿಗೆ ಕಟ್ಟಿಕೊಂಡು ಹೆದ್ದಾರಿಗೆ ಇಳಿಯಬೇಕು.

ಆ ವಾರ ಅವನು ಒಂದು ಸೆಟ್ಟಿನಲ್ಲಿ ಕೋರೆಹಲ್ಲನ್ನು ಎಡಬಲ ಅದಲು ಬದಲು ಕೂರಿಸಿ ಮತ್ತೆ ಮೇಣ ಕರಗಿಸಬೇಕಾಯಿತು. ಹೇಳಬೇಕೆಂದು ಬುಧವಾರ ಅಡುಗೆಮನೆಗೆ ಹೋದ, ಉಪ್ಪು ಎಲ್ಲಿದೆ ಎಂದು ಕೇಳಿ ಬಂದ. ಶುಕ್ರವಾರ ಮಗಳು ಫೋನು ಮಾಡಿ, "ಅಮ್ಮ ಬರ್ತಾಳಂತೆ! ಏನ್ ಮೋಡಿ ಮಾಡಿದ್ರಿ ಅಪ್ಪಾ?" ಎಂದಳು. ಅವನಿಗೆ ನಗು ಬರಲಿಲ್ಲ. ಅದು ವಯಸ್ಸಿನ ಕಾಯಿಲೆ ಎಂದಿದ್ದಳಲ್ಲ, ವಾಸಿಯಾದಂತೆ ಕಂಡಿತು.

ಭಾನುವಾರ ಬಂತು. ಬಂಕಿನವರೆಗೆ ಹೆಂಡತಿ ಆಟೋದಲ್ಲಿ ಬಂದಳು, ಗೇಟಿನ ಹತ್ತಿರ ಬೈಕು ಹತ್ತುವುದು ಬೇಡವೆಂದು ಅವನೇ ಏನೋ ನೆಪ ಹೇಳಿದ್ದ. ಮಗಳು ಬಿಟ್ಟುಹೋದ ಜಾಕೆಟ್ಟು, ವಾರ್ಡಿನ ಬಿಳಿ ಶೂ, ಹೊಸ ಹೆಲ್ಮೆಟ್ಟು. ಮುಂದಾಳು ಓಡಿ ಬಂದು, "ಬನ್ನಿ ಆಂಟಿ," ಎಂದು ಪಟ್ಟಿ ಬಿಗಿದಳು. ಇಬ್ಬರೂ ಏನೋ ಮಾತಾಡಿಕೊಂಡರು, ನಕ್ಕರು. ಎಲ್ಲರೂ ಎಂಜಿನ್ ಶುರು ಮಾಡಿದರು. ಹೆಂಡತಿ ಅವನ ಭುಜ ಹಿಡಿದು, ಹಗುರವಾಗಿ ಹತ್ತಿ ಕೂತಳು. ಬೈಕು ಮೂಟೆಗಳಿಗೆ ಬಗ್ಗಿದ್ದಕ್ಕಿಂತ ಸ್ವಲ್ಪ ಹೆಚ್ಚೇ ಬಗ್ಗಿತು. ಭುಜದ ಮೇಲೆ ಅವಳ ಕೈ ಹಾಗೇ ಇತ್ತು.

ಹಲ್ಲಣ್ಣ ಎಂಜಿನ್ ಆರಿಸಿದ.

"ಇಳಿ ಸ್ವಲ್ಪ," ಎಂದ.

"ಯಾಕೆ?"

"ಒಂದು ಮಾತು ಹೇಳೋದಿದೆ. ಹೇಳಿದ ಮೇಲೆ ಹೇಗೂ ಇಳೀತೀಯ."

"ಕೂತೇ ಕೇಳ್ತೀನಿ, ಹೇಳಿ."

ಅವನು ಮುಂದೆ ನೋಡಿಕೊಂಡೇ ಹೇಳಿದ. ಎರಡನೇ ಜಾಗ ಮರ್ಯಾದೆಯ ಜಾಗ ಅಲ್ಲ, ಓಡಿಸಲು ಬಾರದವರ ಜಾಗ. ಅಷ್ಟು ಜನ ತನ್ನಿಂದಾಗಿ ಆಮೆಯ ಹಾಗೆ ಹೋಗುತ್ತಾರೆ. ಕಾಲಿನ ಗೆರೆ ಮೇಜಿನದಲ್ಲ. "ಬಿದ್ದೆ. ನೀನು ಹೇಳಿದ ಹಾಗೇ, ನಿಂತಲ್ಲೇ ಬಿದ್ದೆ. ಹಲ್ಲೂ ಬಿತ್ತು." ಇಷ್ಟು ಹೇಳಿ, ಅವಳು ಇಳಿಯುವಾಗ ಬೈಕು ಅಲುಗಾಡದಿರಲೆಂದು ಹ್ಯಾಂಡಲನ್ನು ಬಿಗಿಯಾಗಿ ಹಿಡಿದು ಕೂತ.

ಬೈಕು ಅಲುಗಲಿಲ್ಲ.

"ಅಲ್ಲ ರೀ," ಎಂದಳು ಅವಳು. "ನಮ್ಮ ವಾರ್ಡಲ್ಲಿ ನರ್ಸ್ ಟೇಬಲ್ ಪಕ್ಕದ ಬೆಡ್ ಯಾರಿಗೆ ಕೊಡ್ತೀವಿ ಗೊತ್ತಾ?"

"ಯಾರಿಗೆ?"

"ಎದ್ದು ಬೀಳೋ ಪೈಕಿ ಯಾರೋ ಅವರಿಗೆ. ತಲೆ ಎತ್ತಿದ್ರೆ ಕಾಣ್ತಿರಬೇಕು. ಆ ಬೆಡ್ ಸಿಕ್ಕವರೂ ನಿಮ್ಮ ಹಾಗೇ, ತಮಗೆ ದೊಡ್ಡ ಬೆಡ್ ಕೊಟ್ರು ಅಂತ ಮನೆಯವರಿಗೆ ಹೇಳ್ಕೋತಾರೆ. ನೀವು ಎರಡನೇ ಜಾಗ ಅಂದ ದಿನಾನೇ ನಂಗೆ ಅರ್ಥ ಆಯ್ತು. ಅವತ್ತೇ ಬರೋಣ ಅಂತಿದ್ದೆ, ರಜ ಸಿಗಲಿಲ್ಲ."

ಹಲ್ಲಣ್ಣ ಹಿಂದಕ್ಕೆ ತಿರುಗಲು ಹೋದ, ಹೆಲ್ಮೆಟ್ಟಿಗೆ ಹೆಲ್ಮೆಟ್ಟು ಬಡಿಯಿತು.

"ಮತ್ತೆ ಕಾಲು?"

"ಆ ಗೆರೆ ನಾನು ನೋಡದೇ ಇರೋದಾ? ನಿಂತು ಬಿದ್ದೋರಿಗೆಲ್ಲ ಅದೇ ಜಾಗದಲ್ಲಿ ಇರುತ್ತೆ." ಅವಳು ಅವನ ಭುಜ ಒಂದು ಸಲ ತಟ್ಟಿದಳು. "ಶೂರರ ಹಿಂದೆ ನಾನು ಕೂರಲ್ಲ. ಶೂರರು ನಮ್ಮಲ್ಲಿ ತುಂಬ ಜನ ಇದಾರೆ, ಮಲಗಿದಾರೆ. ಹೊರಡಿ, ಆ ಹುಡುಗಿ ಕಾಯ್ತಿದಾಳೆ."

ಹಲ್ಲಣ್ಣ ಮತ್ತೆ ಎಂಜಿನ್ ಶುರು ಮಾಡಿದ. ಅವನು ಕೊಚ್ಚಿಕೊಂಡ ಮಾತಿನಲ್ಲಿ ಅವನಿಗೇ ಗೊತ್ತಿರದಿದ್ದದ್ದನ್ನು ಅವಳು ಹಿಡಿದಿದ್ದಳು, ಬಂದದ್ದೂ ಅದಕ್ಕೇ. ಮುಂದಾಳು ಕನ್ನಡಿಯಲ್ಲಿ ನೋಡಿ ಹೆಬ್ಬೆರಳು ಎತ್ತಿದಳು. ಹಲ್ಲಣ್ಣ ಹೆಬ್ಬೆರಳನ್ನು ನೆಲದಿಂದ ಎತ್ತಿ ಹೊರಟ.

ಊರು ಹಿಂದಾಯಿತು, ರಸ್ತೆ ಅಗಲವಾಯಿತು. ತಿರುವಿನಲ್ಲಿ "ಗಟ್ಟಿ ಹಿಡ್ಕೋ" ಎಂದ, ಹಿಂದಿನಿಂದ "ಹಿಡ್ಕೊಂಡಿದೀನಿ" ಎಂದು ಉತ್ತರ ಬಂತು. ಅವನ ಕಣ್ಣು ಯಾಕೋ ಮಂಜಾಯಿತು. ಮೊದಲ ಗೇರು, ಎರಡನೆಯದು, ಮೂರನೆಯದು, ನಾಲ್ಕನೆಯದು. ಅಲ್ಲಿಗೆ ನಿಂತ. ಅವನ ಹಿಂದೆ ಬೈಕುಗಳ ಸಾಲು, ಎಂದಿನಂತೆ ಅವನ ಲೆಕ್ಕದಲ್ಲೇ ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ಭುಜದ ಮೇಲೆ ಎರಡು ಸಲ ಬಡಿದಂತಾಯಿತು. ಅವಳಿಗೆ ಭಯವಾಗಿದೆ ಎಂದುಕೊಂಡು ಹಲ್ಲಣ್ಣ ಇನ್ನೂ ನಿಧಾನ ಮಾಡಿದ.

ಅವಳು ಮುಂದಕ್ಕೆ ಬಾಗಿ ಅವನ ಕಿವಿಯ ಹತ್ತಿರ ಕೂಗಿದಳು. "ರೀ, ಈ ಬೈಕಿಗೆ ಇದೇ ಕಡೇ ಗೇರಾ? ಹಿಂದೆ ಪಾಪ, ಅಷ್ಟು ಜನ ಕಾಯ್ತಿದಾರೆ!"

ಹಲ್ಲಣ್ಣ ಐದನೆಯದಕ್ಕೆ ಹಾಕಿದ. ಆಮೇಲೆ, ಹೆಂಡತಿ ಇನ್ನೇನಾದರೂ ಅನ್ನುವ ಮೊದಲೇ, ಆರನೆಯದಕ್ಕೂ.